ಊರಿಗೆಲ್ಲ ಒಂದೇ ಜಾತಕ

ಮೂರು ಕಂಪ್ಯೂಟರುಗಳನ್ನು ಒಂದು ವೈರಿನಿಂದ ಜೋಡಿಸುವುದು ಎಂಥ ಮಹಾ ಕೆಲಸ? ಹೀಗಂದುಕೊಂಡೇ ನಾನು ಆ ಸೋಮವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಅಂಗಡಿಗೆ ಹೊರಟೆ. ಹೆಂಡತಿ ಶಾರದ ಬಾಗಿಲಲ್ಲಿ ನಿಂತು, "ರೀ, ಎಲ್ಲಾ ಸರಿಯಾಗೇ ನಡೀತಿದೆಯಲ್ಲ, ಸುಮ್ನೆ ಇರಬಾರದಾ?" ಅಂದಳು. ಸುಮ್ಮನಿರುವುದು! ಅದೊಂದು ವಿದ್ಯೆ ನನಗೆ ಹುಟ್ಟಿದಾಗಿನಿಂದ ಹತ್ತಿಲ್ಲ. ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನೂ ನಿಲ್ಲಿಸಿ, ಬಿಚ್ಚಿ, ಅದು ಯಾಕೆ ಚೆನ್ನಾಗಿ ತಿರುಗುತ್ತಿತ್ತು ಎಂದು ನೋಡುವ ಪೈಕಿ ನಾನು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮುಳಬಾಗಿಲು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ಜಾತಕದ ಅಂಗಡಿ. ನಮ್ಮ ತಾತ, ನಮ್ಮಪ್ಪ ಎಲ್ಲರೂ ಪಂಚಾಂಗ ನೋಡಿ ಕೈಯಲ್ಲಿ ಜಾತಕ ಬರೆದವರು. ನಾನು ಬಿ.ಕಾಂ. ಮಾಡಿ, ಕೋಲಾರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಅಪ್ಪ ಎರಡು ದಿನ ಕೂತು ಮಾಡುತ್ತಿದ್ದ ಕೆಲಸವನ್ನು ಮೂರು ನಿಮಿಷಕ್ಕೆ ಇಳಿಸಿದ್ದೆ. ಹೆಸರು, ಹುಟ್ಟಿದ ದಿನ, ವೇಳೆ, ಊರು ಟೈಪ್ ಮಾಡಿದರೆ ಸಾಕು, ಪ್ರಿಂಟರು ಕಿರ್ರೋ ಎಂದು ಕಿರುಚಿಕೊಂಡು ಕುಂಡಲಿ, ದಶಾಭುಕ್ತಿ, ಜೀವನಫಲ ಎಲ್ಲ ಉಗುಳುತ್ತಿತ್ತು. ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಕೆಲವರು ಪ್ರಿಂಟರಿಗೆ ಕೈ ಮುಗಿಯುತ್ತಿದ್ದರು. ನನಗೂ ಸ್ವಲ್ಪ ಮುಗಿಯುತ್ತಿದ್ದರು, ಸುಳ್ಳು ಯಾಕೆ ಹೇಳಲಿ.

ತೊಂದರೆ ಏನೆಂದರೆ ಮೂರು ಕಂಪ್ಯೂಟರಿನಲ್ಲೂ ಜಾತಕದ ಸಾಫ್ಟ್‌ವೇರ್ ಬೇರೆ ಬೇರೆಯಾಗಿ ಕೂತಿತ್ತು. ಒಂದರಲ್ಲಿ ಕೋಲಾರದ ಸೂರ್ಯೋದಯ, ಇನ್ನೊಂದರಲ್ಲಿ ಬೆಂಗಳೂರಿನದು. ಒಂದೇ ಮಗುವಿಗೆ ತಾಯಿ ಒಂದು ಮೇಜಿನಲ್ಲಿ, ಅಜ್ಜಿ ಇನ್ನೊಂದು ಮೇಜಿನಲ್ಲಿ ಜಾತಕ ಮಾಡಿಸಿ, ಲಗ್ನ ಬೇರೆ ಬೇರೆ ಬಂದು, ಅಂಗಡಿಯಲ್ಲೇ ಜಗಳ ಆಗಿಹೋಗಿತ್ತು. ಆಗ ನನಗೆ ಜ್ಞಾನೋದಯವಾಯಿತು. ಒಳಗಿನ ಕೋಣೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್. ಸಾಫ್ಟ್‌ವೇರ್, ಫೈಲು ಎಲ್ಲ ಅದರಲ್ಲೇ. ಹೊರಗಿನ ಎರಡೂ ವೈರಿನ ಮೂಲಕ ಅದನ್ನೇ ಬಳಸಬೇಕು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದ ಹಾಗೆ! ಒಂದು ಕಡೆ ಕೆಡಿಸಿದರೆ ಎಲ್ಲ ಕಡೆ ಕೆಡುತ್ತದೆ ಎಂಬ ಉತ್ತರಾರ್ಧ ಆಗ ಹೊಳೆಯಲಿಲ್ಲ.

ಸಾಯಂಕಾಲದೊಳಗೆ ವೈರು ಎಳೆದೆ. ಹೊರಗೆ ಒಂದು ಮೇಜಿನಲ್ಲಿ ನಾನು, ಇನ್ನೊಂದರಲ್ಲಿ ನಮ್ಮಲ್ಲಿ ಟೈಪಿಂಗ್ ಕೆಲಸಕ್ಕಿದ್ದ ಮಂಜುಳ. ಎರಡೂ ಕಂಪ್ಯೂಟರು ಒಳಗಿನ ದೊಡ್ಡದನ್ನು ಕೇಳಿ ಕೇಳಿ ಕೆಲಸ ಮಾಡಿದವು. ನಾನು ಸಂತೋಷಕ್ಕೆ ಮಂಜುಳಳಿಗೂ ಒಂದು ಮಸಾಲೆ ದೋಸೆ ತರಿಸಿಕೊಟ್ಟೆ.

ಮಂಗಳವಾರ ಮಧ್ಯಾಹ್ನವೇ ಎಡವಟ್ಟು ಶುರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರೊಬ್ಬರು ಜಾತಕ ಓದಿಕೊಂಡು ವಾಪಸ್ ಬಂದರು. "ಏನಯ್ಯಾ ನಾಗರಾಜ, ನನಗೆ ಎಂಟನೇ ವರ್ಷಕ್ಕೆ ಉಪನಯನ ಮಾಡಬೇಕಂತೆ. ಅಲ್ಲೀವರೆಗೂ ನೀರಿನ ಹತ್ತಿರ ಬಿಡಬಾರದಂತೆ!" ಅವರ ಹಿಂದೆಯೇ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ. ಕೂಸಿಗೆ ಮೊಮ್ಮಕ್ಕಳಿಂದ ಸುಖವಿದೆಯೆಂದು ಬಂದಿತ್ತು.

ಇಬ್ಬರ ಜಾತಕವನ್ನೂ ಒಂದೇ ಹೊತ್ತಿನಲ್ಲಿ ಮಾಡಿದ್ದೆವು, ಒಂದು ನಾನು, ಒಂದು ಮಂಜುಳ. ಅದಲು ಬದಲಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಯಾಕೆ ಹೀಗಾಯಿತೆಂದು ಯೋಚಿಸುತ್ತಿದ್ದರು. ನಾನು ಯೋಚಿಸಲಿಲ್ಲ, ತೀರ್ಪು ಕೊಟ್ಟೆ. ಹೊರಗಿನ ಕಂಪ್ಯೂಟರುಗಳು ಒಳಗಿನದರ ಫೈಲುಗಳಲ್ಲಿ ಕೈಯಾಡಿಸುತ್ತಿವೆ. ಅದಕ್ಕೆ ಬೀಗ ಹಾಕಬೇಕು!

ಬೀಗಕ್ಕೆ ವ್ಯವಸ್ಥೆ ಇತ್ತು. 'ರೀಡ್ ಓನ್ಲಿ' ಎಂಬ ಜಾಗದಲ್ಲಿ ಒಂದು ಟಿಕ್ ಹಾಕಿದರೆ, ಹೊರಗಿನವು ಒಳಗಿನದನ್ನು ಓದಬಹುದೇ ಹೊರತು ಅದರೊಳಗೆ ಒಂದಕ್ಷರವನ್ನೂ ಬರೆಯುವ ಹಾಗಿಲ್ಲ. ಆಹಾ, ಇದಪ್ಪ ಶಿಸ್ತು ಅಂದರೆ!

ಆ ಹೊತ್ತಿಗೆ ನಮ್ಮತ್ತೆ ಅಂಗಡಿಗೆ ಬಂದರು. ನಮ್ಮತ್ತೆ ಅಂದರೆ ಶಾರದಳ ತಾಯಿ, ಅದಕ್ಕೂ ಮುಂಚೆ ನಮ್ಮಪ್ಪನ ಸ್ವಂತ ತಂಗಿ. ನನ್ನನ್ನು ತೊಟ್ಟಿಲಲ್ಲಿ ತೂಗಿದವರು, ಆ ಸಲಿಗೆಯಲ್ಲಿ ಇವತ್ತಿಗೂ ಏಕವಚನದಲ್ಲೇ ಬೈಯುವವರು. ರಾಯಲ್ಪಾಡಿನಲ್ಲಿ ಸಂಸಾರ ಮಾಡಿ ಮಾಡಿ ಮಾತಿನಲ್ಲಿ ಅರ್ಧ ತೆಲುಗು. ಚಿಕ್ಕ ಮಗಳು ಪದ್ಮಳ ಮದುವೆ ಮಾತುಕತೆಗೆಂದು ಅವಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗ ಮಾಲೂರಿನವನು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಬ್ಯಾಂಕ್ ನೌಕರ. ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಪದ್ಮಳ ಜಾತಕ ಕಳಿಸಿ ಅಂದಿದ್ದರು, ಅದೊಂದೇ ಬಾಕಿ.

"ಅವಳ ತಾತ ಬರೆದ ಜಾತಕ ಊರಲ್ಲಿದೆ, ತರಿಸಿ ಕೊಡೋಣ" ಎಂದರು ಅತ್ತೆ.

"ಅತ್ತೆ, ಈ ಕಾಲದಲ್ಲಿ ಹುಳ ತಿಂದ ಕಾಗದ ಯಾರು ಓದ್ತಾರೆ? ನಾನು ಕಂಪ್ಯೂಟರ್‌ನಲ್ಲಿ ಮಾಡಿಕೊಡ್ತೀನಿ. ಹೊಳೆಯೋ ಕವರ್ ಹಾಕಿ!"

"ಮೊದ್ಲು ನಂದು ಹಾಕಿ ತೋರ್ಸು ನಾಯನಾ. ನನ್ನ ಜಾತಕ ನನಗೆ ಬಾಯಿಪಾಠ. ಸರಿ ಬಂದ್ರೆ ಆಮೇಲೆ ಪದ್ಮಂದು."

ಹಾಕಿದೆ. ಕರ್ಕಾಟಕ ರಾಶಿ, ಆಶ್ಲೇಷಾ ನಕ್ಷತ್ರ. ಮಿತಭಾಷಿ. ಮೊಣಕಾಲು ನೋವು. ಅಳಿಯನಿಂದ ಮನಃಕ್ಲೇಶ. ಅತ್ತೆ ಕನ್ನಡಕ ಏರಿಸಿ ಇಡೀ ಜಾತಕವನ್ನು ಗಟ್ಟಿಯಾಗಿ ಓದಿ, ನಡುನಡುವೆ ತಮ್ಮ ಅನುಭವಗಳನ್ನೂ ಸೇರಿಸಿ, ಅರ್ಧ ಗಂಟೆಯಾದ ಮೇಲೆ, "ಮಿತಭಾಷಿ ಅನ್ನೋದೂ ಸರೀಗಿದೆ ನೋಡು" ಎಂದರು.

ಸರಿಯಾಗಿ ಬಂದಾಗಲೇ ಬೀಗ ಹಾಕಿಬಿಡಬೇಕು! ಒಳಗೆ ಓಡಿಹೋಗಿ ಟಿಕ್ ಹಾಕಿದೆ. ಹೊರಗೆ ಬಂದು ಅದೇ ಕೈಯಲ್ಲಿ ಪದ್ಮಳ ಜಾತಕ ಪ್ರಿಂಟ್ ಮಾಡಿ, ಕವರ್ ಹಾಕಿ, ಮಾರನೇ ದಿನ ನಾನೇ ಮಾಲೂರಿಗೆ ಹೋಗಿ ಕೊಟ್ಟುಬಂದೆ.

"ಕೊಡೋ ಮುಂಚೆ ಒಂದ್ಸಲ ಓದಿ ನೋಡಿದ್ರಾ?" ಎಂದು ಕೇಳಿದಳು ಶಾರದ.

"ಮಿಷನ್ ಮಾಡಿದ್ದನ್ನ ಮನುಷ್ಯ ಓದಿ ನೋಡೋದು ಏನಿರುತ್ತೆ?" ಎಂದೆ. ಎಂಥ ಮಾತು! ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು, ನನ್ನನ್ನೂ ಪಕ್ಕದಲ್ಲೇ.

ಬೀಗ ಹಾಕಿದ ಮೇಲೆ ಅದಲು ಬದಲು ನಿಂತಿತು. ಹೆಡ್‌ಮಾಸ್ಟರನ್ನೂ ಕೂಸಿನ ತಾಯಿಯನ್ನೂ ಕರೆಸಿ ಹೊಸ ಜಾತಕ ಕೊಟ್ಟೆ. ವಾರ ಪೂರ್ತಿ ಪ್ರಿಂಟರಿಗೆ ಬಿಡುವಿಲ್ಲ. ಶನಿವಾರ ಮಂಜುಳ ಮೆಲ್ಲಗೆ, "ಸಾರ್, ಈ ವಾರ ಬಂದೋರೆಲ್ಲ ಆಶ್ಲೇಷಾನೇ ಸಾರ್" ಅಂದಳು.

"ಇರಬಹುದು. ಗ್ರಹಗತಿ."

"ಅವತ್ತಿನ ಕೂಸಿಗೂ ಮೊಣಕಾಲು ನೋವು ಅಂತ ಬಂದಿತ್ತು ಸಾರ್."

"ಮುಂದೆ ಬರುತ್ತೆ ಬಿಡಮ್ಮ, ಅವಸರ ಏನು?"

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಆಗಲೇ ಎದ್ದು ಪ್ರಿಂಟರಿನ ಮುಚ್ಚಳ ಬಿಚ್ಚುತ್ತಿದ್ದೆ, ಅದು ಚೆನ್ನಾಗಿ ಓಡುತ್ತಿತ್ತಲ್ಲ!

ಮುಂದಿನ ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಐದು ಜನ ಹೆಂಗಸರು ನಿಂತಿದ್ದರು. ಐವರೂ ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರು. ಐವರ ಕೈಯಲ್ಲೂ ನನ್ನ ಹೊಳೆಯುವ ಕವರು. ನಮ್ಮ ಕಡೆ ಆಶ್ಲೇಷಾ ನಕ್ಷತ್ರದ ಸೊಸೆ ಬಂದರೆ ಅತ್ತೆಯ ಪ್ರಾಣಕ್ಕೆ ಆಗುವುದಿಲ್ಲ ಎಂದು ಜನ ಹೆದರುತ್ತಾರೆ. ನಿಜವೋ ಸುಳ್ಳೋ, ಗಂಡಿನ ತಾಯಿ ಮಾತ್ರ ಆ ಹೆಸರು ಕೇಳಿದರೆ ಎದ್ದು ನಿಲ್ಲುತ್ತಾಳೆ.

"ನೋಡೋಕೆ ಬಂದೋರು ಕಾಫೀನೂ ಕುಡೀದೆ ಎದ್ದೋದ್ರು ಸ್ವಾಮಿ! ನಮ್ಮ ಹುಡುಗಿ ಹಸ್ತಾ ನಕ್ಷತ್ರ. ಎಲ್ಲಿಂದ ತಂದ್ರಿ ಈ ಆಶ್ಲೇಷಾನ?" ಎಂದು ಒಬ್ಬಾಕೆ ಕವರನ್ನು ಮೇಜಿನ ಮೇಲೆ ಕುಕ್ಕಿದಳು.

ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಫೋನು. ಮಾಲೂರಿನಿಂದ ಹುಡುಗನ ತಂದೆ ಸುಬ್ಬರಾಯರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಬಹಳ ಮರ್ಯಾದಸ್ಥರು, ಮರ್ಯಾದೆಯಿಂದಲೇ ಹೇಳಿದರು. "ನಾಗರಾಜ್ ಅವರೇ, ಹುಡುಗಿ ಚಿನ್ನದಂಥವಳು. ಆದ್ರೆ ಆಶ್ಲೇಷಾ ಅಂತ ನೋಡಿ ನಮ್ಮನೆಯವಳಿಗೆ ಬಿ.ಪಿ. ಏರಿದೆ. ಬೇಜಾರು ಮಾಡ್ಕೋಬೇಡಿ. ಇವತ್ತು ಐದು ಗಂಟೆಗೆ ಹೊಸಕೋಟೆ ಕಡೆ ಇನ್ನೊಂದು ಹುಡುಗಿ ನೋಡೋಕೆ ಹೊರಟಿದ್ದೀವಿ." ಫೋನು ಇಟ್ಟುಬಿಟ್ಟರು.

ಬಾಗಿಲಿಗೆ ಹೋದೆ, ಮೇಜಿಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ಅಷ್ಟರಲ್ಲಿ ಅತ್ತೆಯೂ ಪದ್ಮಳೂ ಅಲ್ಲಿಗೇ ಬಂದರು. ವಿಷಯ ಹೇಳಿದೆ. ಹೇಳದೆ ಎಲ್ಲಿ ಹೋಗಲಿ?

ಪದ್ಮ ಗಲಾಟೆ ಮಾಡುವವಳಲ್ಲ. ಶ್ರೀನಿವಾಸಪುರದ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ, ಮಕ್ಕಳಿಗೂ ಜೋರು ಮಾಡುವುದಿಲ್ಲ. ಗೋಡೆಗೆ ಒರಗಿ ನಿಂತು, "ಭಾವ, ಆ ಹುಡುಗ ನನಗೆ ಇಷ್ಟ ಅಂತ ಅಮ್ಮನಿಗೂ ಹೇಳಿರಲಿಲ್ಲ, ನಿಮ್ಮ ಹತ್ರ ಮಾತ್ರ ಹೇಳಿದ್ದೆ" ಅಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅತ್ತೆ ಮೇಜಿನ ಮೇಲಿದ್ದ ಕವರನ್ನು ಎತ್ತಿ ಓದತೊಡಗಿದರು. ಕರ್ಕಾಟಕ ರಾಶಿ... ಮಿತಭಾಷಿ... ಅಳಿಯನಿಂದ ಮನಃಕ್ಲೇಶ...

"ಲೇ ನಾಗೂ, ಇದು ನಂದಲ್ಲೇನೋ?"

"ಅಲ್ಲ ಅತ್ತೆ, ಮೇಲೆ ಹೆಸರು ನೋಡಿ, ಇದು ಇವರ ಮಗಳದ್ದು."

"ಹೆಸರು ಅವಳದ್ದು, ಹಣೆಬರಹ ನಂದು!" ಇನ್ನೊಂದು ಕವರು ಕಿತ್ತುಕೊಂಡರು. "ಇದೂ ನಂದೇ!" ಮೂರನೆಯದು. "ಓರಿ ದೇವುಡಾ, ಇದೂ ನಂದೇ! ಊರಿಗೆಲ್ಲ ನನ್ನ ಹಣೆಬರಹ ಹಂಚಿಬಿಟ್ಯಲ್ಲೋ ಪಾಪಿ!"

ಐದು ಜನ ತಾಯಂದಿರೂ ನನ್ನನ್ನೇ ನೋಡಿದರು.

ಕೋಲಾರದಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಪ್ರಸಾದ್ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ ಒಂದು ನಿಟ್ಟುಸಿರು ಬಿಟ್ಟರು. "ಅಲ್ಲಯ್ಯಾ, ನೀನು ಟೈಪ್ ಮಾಡಿದ ಹೆಸರು, ತಾರೀಖು ಮಾತ್ರ ಸೀದಾ ಕಾಗದಕ್ಕೆ ಹೋಗುತ್ತೆ. ಕುಂಡಲಿ, ಫಲ ಎಲ್ಲಾನೂ ಸಾಫ್ಟ್‌ವೇರು ಮೊದ್ಲು ತನ್ನದೇ ಒಂದು ಫೈಲಲ್ಲಿ ಬರ್ಕೊಂಡು, ಆಮೇಲೆ ಅದನ್ನ ನೋಡ್ಕೊಂಡು ಪ್ರಿಂಟ್ ಮಾಡುತ್ತೆ. ನೀನು ಬರೆಯೋಕೆ ಬಿಡದೆ ಬೀಗ ಹಾಕಿದ್ರೆ ಅದೇನು ಮಾಡುತ್ತೆ? ಕೊನೇಲಿ ಯಾರದ್ದು ಬರೆದಿತ್ತೋ ಅದನ್ನೇ ಎಲ್ರಿಗೂ ಹಾಕುತ್ತೆ!"

ಕೊನೆಯಲ್ಲಿ ಬರೆದಿದ್ದು ನಮ್ಮತ್ತೆಯದು.

"ಬೀಗ ತೆಗೆದ್ರೆ ಸರಿ ಹೋಗುತ್ತಾ ಸಾರ್?"

"ಸರಿ ಹೋಗುತ್ತೆ. ಆದ್ರೆ..." ಎಂದು ಅವರು ಏನೋ ಶುರು ಮಾಡಿದರು. ನನಗೆ ಆದ್ರೆ ಕೇಳುವಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಗಂಟೆ ಹನ್ನೊಂದೂವರೆ! ಫೋನಿಟ್ಟು ಒಳಗೆ ಓಡಿ ಟಿಕ್ ತೆಗೆದೆ.

ಮಾಲೂರಿಗೆ ಫೋನ್ ಮಾಡಿ, "ಸಾರ್, ಅದು ನಮ್ಮತ್ತೆಯ ನಕ್ಷತ್ರ, ಪದ್ಮಂದು ರೋಹಿಣಿ" ಅಂದೆ. ಸುಬ್ಬರಾಯರು, "ನಾನು ಬೇಡ ಅಂದ ಒಂದು ಗಂಟೆಯೊಳಗೆ ನಕ್ಷತ್ರ ಬದಲಾಯ್ತಾ ಸ್ವಾಮಿ?" ಅಂದರು. ಅವರ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ. ಖುದ್ದಾಗಿ ಹೋಗುವುದೊಂದೇ ದಾರಿ.

ಮಂಜುಳ ಐದು ಜನ ತಾಯಂದಿರಿಗೂ ಹೊಸದಾಗಿ ಜಾತಕ ಮಾಡಿಕೊಡಲು ಕೂತಳು. ಅವರಿಗಿಂತ ಮುಂಚೆ, ಬಸ್ ಹಿಡಿಯಬೇಕು ಎಂದು ಅವಸರ ಮಾಡುತ್ತಿದ್ದ ಒಬ್ಬ ಮುದುಕರದ್ದನ್ನು ಹಾಕಿದಳು. ನಾನು ನನ್ನ ಮೇಜಿನಲ್ಲಿ ಪದ್ಮಳದ್ದು ಪ್ರಿಂಟ್ ಮಾಡಿದೆ. ಈ ಸಲ ಪರೀಕ್ಷೆ ಮಾಡದೆ ಬಿಡಲಿಲ್ಲ. ಹೆಸರು ನೋಡಿದೆ. ಪದ್ಮ. ಹುಟ್ಟಿದ ದಿನ ನೋಡಿದೆ. ಸರಿ. ಕವರಿಗೆ ತುರುಕಿ, ಅತ್ತೆಯನ್ನು ಹೊರಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಕೋಲಾರದ ಬಸ್ಸು ಪ್ರತಿ ಮರಕ್ಕೂ ನಿಲ್ಲುತ್ತಿತ್ತು. ನಾನು ಕೂರುತ್ತಿದ್ದೆ, ಏಳುತ್ತಿದ್ದೆ, ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ. ಕಂಡಕ್ಟರಿಗೆ ಸಾಕಾಯಿತು. "ಕೂತ್ಕೊಳ್ಳಿ ಸ್ವಾಮಿ, ನೀವು ನಿಂತ್ರೆ ಬಸ್ಸು ಜೋರಾಗಿ ಹೋಗಲ್ಲ" ಅಂದ. ಕೋಲಾರದಲ್ಲಿ ಮಾಲೂರಿನ ಬಸ್ಸು ಕಣ್ಣೆದುರಿಗೇ ಹೊರಟುಹೋಯಿತು. ಮುಂದಿನದಕ್ಕೆ ಒಂದು ಗಂಟೆ ಕಾದೆವು. ನಾನು ಸ್ಟ್ಯಾಂಡನ್ನು ಎಷ್ಟು ಸುತ್ತು ಹಾಕಿದೆನೋ, ದೇವಸ್ಥಾನವಾಗಿದ್ದರೆ ಹರಕೆ ತೀರುತ್ತಿತ್ತು.

"ಆ ಕಾಗದ ಒಂದ್ಸಲ ಕೊಡು, ನೋಡ್ತೀನಿ" ಎಂದರು ಅತ್ತೆ.

"ಬೇಡ ಅತ್ತೆ, ಬೆವರು ಕೈ. ಮಸಿ ಹರಡುತ್ತೆ."

ಮಾಲೂರಿನಲ್ಲಿ ಇಳಿದಾಗ ನಾಲ್ಕೂವರೆ ದಾಟಿತ್ತು. ಸುಬ್ಬರಾಯರ ಮನೆ ಮುಂದೆ ಆಟೋ ನಿಂತಿತ್ತು. ಅವರ ಹೆಂಡತಿ ಕಮಲಮ್ಮ ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು, ಒಂದು ಕಾಲನ್ನು ಆಟೋದಲ್ಲಿ ಇಟ್ಟಾಗಿತ್ತು. ನಾನು ಆಟೋ ಮುಂದೆ ಎರಡೂ ಕೈ ಚಾಚಿ ನಿಂತೆ. "ಅಮ್ಮಾ, ಐದು ನಿಮಿಷ! ಐದೇ ನಿಮಿಷ!"

ಪಾಪ, ಒಳಗೆ ಕರೆದು ಕೂರಿಸಿದರು. ಸುಬ್ಬರಾಯರು ಕನ್ನಡಕ ಹಾಕಿಕೊಂಡು ಕವರು ಬಿಡಿಸಿದರು. ನಾನು ಎದೆ ಉಬ್ಬಿಸಿ, "ಇದು ಸರಿಯಾದ ಜಾತಕ ಸಾರ್. ಇದಕ್ಕೆ ನಾನು ಗ್ಯಾರಂಟಿ" ಅಂದೆ.

ಅವರು ಗಟ್ಟಿಯಾಗಿ ಓದಿದರು. "ಪದ್ಮ... ಸ್ವಾತಿ ನಕ್ಷತ್ರ..." ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಓದಿದರು. "ಪತ್ನಿಯ ಕಡೆಯಿಂದ ಜಮೀನು ಬರುವುದು. ನಿವೃತ್ತಿಯ ನಂತರ ಕಾಶಿಯಾತ್ರೆ. ಕೂದಲು ಪೂರ್ತಿ ಉದುರಿಹೋಗುವುದು."

ಆ ಕ್ಷಣದಲ್ಲಿ ನನಗೆ ಪ್ರಸಾದ್ ಮೇಷ್ಟ್ರ 'ಆದ್ರೆ' ಏನೆಂದು ಅರ್ಥವಾಯಿತು. ಬೀಗ ತೆಗೆದ ಮೇಲೆ ಇಬ್ಬರು ಒಟ್ಟಿಗೆ ಜಾತಕ ಹಾಕಿದರೆ, ಆ ಒಂದೇ ಫೈಲಿನಲ್ಲಿ ಒಬ್ಬರ ಮೇಲೆ ಒಬ್ಬರು ಬರೆದುಬಿಡುತ್ತಾರೆ. ಬಸ್ ಹಿಡಿಯಬೇಕಾದ ಮುದುಕರು ಪದ್ಮಳ ಹೆಸರಿನಲ್ಲಿ ಮಾಲೂರಿಗೆ ಬಂದಿದ್ದರು!

ಅತ್ತೆ ತಡೆದುಕೊಂಡಿದ್ದೆಲ್ಲ ಆಗ ಒಡೆದು ಹರಿಯಿತು. "ಅಮ್ಮಾ, ಈ ನಾಗೂನ ನಂಬಬೇಡಿ, ನನ್ನ ಮಗಳನ್ನ ನಂಬಿ! ಇವನು ಹುಟ್ಟಿದಾಗಿಂದ ಹೀಗೇ. ಮಿಕ್ಸಿ ಬಿಚ್ಚಿದ, ಇವತ್ತಿಗೂ ಒರಳಲ್ಲಿ ರುಬ್ತಿದ್ದೀವಿ. ರೇಡಿಯೋ ಬಿಚ್ಚಿದ, ಇವರಪ್ಪ ಕಣ್ಣೀರು ಹಾಕಿದ್ರು. ನನ್ನ ದೊಡ್ಡ ಮಗಳನ್ನ ಇವನಿಗೆ ಕೊಟ್ಟೆನಲ್ಲಾ, ಚಿಕ್ಕವಳದ್ದೂ ಇವನೇ ಕೆಡಿಸ್ತಿದ್ದಾನೆ. ಊರಲ್ಲಿ ಐದು ಮದುವೆ ಮುರಿದಿದ್ದಾನೆ. ಮೂರು ತಿಂಗಳ ಕೂಸಿಗೆ ಮೊಣಕಾಲು ನೋವು ತಂದಿದ್ದಾನೆ!" ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟರು.

ನಾನು ಎಲ್ಲಿ ನೋಡಲಿ? ಪಾದ ನೋಡಿಕೊಂಡೆ. ಅವಸರದಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೆ, ಎರಡು ಪಾದದ ಮೇಲೂ ಬೇರೆ ಬೇರೆ ಪಟ್ಟಿಯ ಧೂಳಿನ ಗುರುತು.

ಕಮಲಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಇವರು ಹೇಳ್ತಿರೋದೆಲ್ಲ ನಿಜಾನಾ?"

"ನಿಜ ಅಮ್ಮ. ಪದ್ಮಳದ್ದು ಏನೂ ತಪ್ಪಿಲ್ಲ. ತಪ್ಪೆಲ್ಲ ನನ್ನದೇ."

"ಮಿಕ್ಸಿನೂ?"

"ಮಿಕ್ಸಿನೂ."

ಮೊದಲು ಅವರ ಭುಜ ಅಲುಗಿತು. ಆಮೇಲೆ ಸೆರಗು ಬಾಯಿಗೆ ಹೋಯಿತು. ಕೊನೆಗೆ ತಡೆಯಲಾರದೆ ಬಿದ್ದುಬಿದ್ದು ನಕ್ಕರು. "ರೀ, ಈ ಮನುಷ್ಯನ್ನ ನೋಡಿದ್ರೆ ನಂಬಿಕೆ ಬರುತ್ತೆ ಕಣ್ರೀ. ಬೇಕು ಅಂತ ಸುಳ್ಳು ಹೇಳೋ ಬುದ್ಧಿ ಇವರಿಗಿಲ್ಲ. ಅಟ್ಟದ ಮೇಲಿಂದ ಪಂಚಾಂಗದ ಕಟ್ಟು ತೆಗೀರಿ."

ಸುಬ್ಬರಾಯರು ಹಳೆಯ ಪಂಚಾಂಗಗಳ ಕಟ್ಟು ಇಳಿಸಿ, ಧೂಳು ಕೊಡವಿ, ಪದ್ಮ ಹುಟ್ಟಿದ ವರ್ಷದ್ದು ಹುಡುಕಿದರು. ಅತ್ತೆ ಕಣ್ಣೊರೆಸಿಕೊಂಡು ಹುಟ್ಟಿದ ವೇಳೆ ಹೇಳಿದರು. ರಾಯರು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿದರು. ವೈರಿಲ್ಲ, ಕರೆಂಟಿಲ್ಲ, ಬೀಗವಿಲ್ಲ. ಹತ್ತು ನಿಮಿಷ. "ರೋಹಿಣಿ, ಎರಡನೇ ಪಾದ" ಎಂದರು.

"ಹೊಸಕೋಟೆಯವರಿಗೆ ಬರೋಕಾಗಲ್ಲ ಅಂತ ಫೋನ್ ಮಾಡಿಬಿಡಿ" ಎಂದು ಕಮಲಮ್ಮ ಕಾಫಿ ಮಾಡಲು ಒಳಗೆ ಹೋದರು. ನನಗೆ ಅವತ್ತು ಬೆಳಿಗ್ಗೆಯಿಂದ ಮೊದಲನೇ ಸಲ ಕುರ್ಚಿಯಲ್ಲಿ ಪೂರ್ತಿ ಕೂರಲು ಸಾಧ್ಯವಾಯಿತು.

ಮಾರನೇ ದಿನ ವೈರು ಕಿತ್ತೆ. ಒಂದು ವಾರ ಮನೆಮನೆಗೆ ಹೋಗಿ, ನಮ್ಮತ್ತೆಯ ಜಾತಕಗಳನ್ನು ವಾಪಸ್ ಪಡೆದು, ಹೊಸದು ಕೊಟ್ಟು, ಬೈಸಿಕೊಂಡು ಬಂದೆ. ಮುರಿದ ಐದು ಮಾತುಕತೆಗಳಲ್ಲಿ ನಾಲ್ಕು ಮತ್ತೆ ಕೂಡಿದವು. ಐದನೆಯ ಹುಡುಗಿಯ ತಾಯಿ, "ಕಾಫಿ ಕುಡೀದೆ ಎದ್ದೋದವರ ಮನೆಗೆ ನಾನೇ ಕೊಡಲ್ಲ" ಎಂದು ಬೇರೆ ಕಡೆ ನೋಡಿದರು. ಹೆಡ್‌ಮಾಸ್ಟರ್ ಮಾತ್ರ ಹಳೆಯದನ್ನು ವಾಪಸ್ ಕೊಡಲಿಲ್ಲ. "ಮೊಣಕಾಲೂ ಸರಿ, ಅಳಿಯನೂ ಸರಿ. ನನಗೆ ಇದೇ ಇರಲಿ ಬಿಡಯ್ಯಾ" ಅಂದರು.

ಪದ್ಮಳ ಮದುವೆ ಮಾಲೂರಿನ ಛತ್ರದಲ್ಲಿ ನಡೆಯಿತು. ಧಾರೆಯಾದ ಮೇಲೆ ಅವಳು ನನ್ನ ಕಡೆ ನೋಡಿ ನಕ್ಕಳು. ನನ್ನ ಕಣ್ಣು ಒದ್ದೆಯಾಯಿತು, ಹೊಗೆ ಎಂದು ಹೇಳಿಕೊಂಡೆ. ಮೈಮೇಲೆ ರೇಷ್ಮೆ ಪಂಚೆ, ಜರಿ ಶಲ್ಯ, ಸಾಲದ್ದಕ್ಕೆ ಹುಡುಗಿಯ ಭಾವ ಎಂಬ ಪದವಿ ಬೇರೆ. ಹುಡುಗನ ಕಡೆಯವರಿಗೆ ಪರಿಚಯ ಮಾಡಿಸಿ ಎಂದು ನಾನೇ ಕಮಲಮ್ಮನವರ ಹತ್ತಿರ ಹೋಗಿ ಗಂಭೀರವಾಗಿ ನಿಂತೆ. ಅವರು ಸಾಲಾಗಿ ಕೂತಿದ್ದ ನೆಂಟರ ಕಡೆ ತಿರುಗಿ, "ಇವರೇ" ಎಂದರು.

ಅಷ್ಟೇ ಹೇಳಿದ್ದು. ಹೆಸರಿಲ್ಲ, ಊರಿಲ್ಲ, ಸಂಬಂಧವಿಲ್ಲ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು!